ದೇವರಿಗೆ ಇದು ತಕ್ಕದ್ದೇ? ನರಾವತಾರದ ಪರವಾಗಿ

ಕ್ರಿ.ಶ. 178ರ ಸುಮಾರಿಗೆ ಸೆಲ್ಸಸ್ ಎಂಬ ಗ್ರೀಕ್ ಚಿಂತಕನು ಕ್ರೈಸ್ತ ಮತವನ್ನು ಖಂಡಿಸಿ ಒಂದು ಗ್ರಂಥ ಬರೆದನು. ಅದರ ಪ್ರತಿ ಯಾವುದೂ ಇಂದು ಉಳಿದಿಲ್ಲ. ಆದರೆ ಸುಮಾರು 70 ವರ್ಷಗಳ ತರುವಾಯ ಒರಿಗೆನ್ ಎಂಬ ಕ್ರೈಸ್ತ ಪಂಡಿತನು ಅದಕ್ಕೆ ಎಂಟು ಭಾಗಗಳಲ್ಲಿ ಉತ್ತರ ಬರೆಯುವಾಗ ಸೆಲ್ಸಸನ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ವಾದಿಸಿದ್ದರಿಂದ, ಅದರ ಬಹುಪಾಲು ಎದುರಾಳಿಯ ಕೈಯಿಂದಲೇ ನಮ್ಮನ್ನು ತಲುಪಿದೆ. ದೇವರು ಮನುಷ್ಯನಾಗಿ ಇಳಿದು ಬಂದನೆಂಬ ಮಾತು ಸೆಲ್ಸಸನಿಗೆ ಸಹಿಸಲಾಗದ್ದಾಗಿತ್ತು. ಇಳಿದು ಬರಬೇಕಾದ ಕಾರಣವೇನು? ಮನುಷ್ಯರ ನಡುವೆ ನಡೆಯುತ್ತಿರುವುದನ್ನು ತಿಳಿಯುವುದಕ್ಕೆಂದರೆ, ಸರ್ವಜ್ಞನಿಗೆ ಅದು ಮೊದಲೇ ತಿಳಿದಿರಲಿಲ್ಲವೆ? ತಿಳಿದಿದ್ದರೆ, ದೇಹ ಧರಿಸದೆ ತನ್ನ ಶಕ್ತಿಯಿಂದಲೇ ಅದನ್ನು ಸರಿಪಡಿಸಬಾರದಿತ್ತೆ? ಪರಿಪೂರ್ಣನಾದವನು ಬದಲಾದರೆ ಆ ಬದಲಾವಣೆ ಒಳ್ಳೆಯದರಿಂದ ಕೆಟ್ಟದ್ದಕ್ಕೆ, ಆನಂದದಿಂದ ದುಃಖಕ್ಕೆ ಆಗಲೇಬೇಕಲ್ಲವೆ? ದೇವರು ತಮಗಾಗಿ ಬಂದನೆಂದು ಹೇಳಿಕೊಳ್ಳುವ ಯೆಹೂದ್ಯರನ್ನೂ ಕ್ರೈಸ್ತರನ್ನೂ ಅವನು ಜವುಗಿನ ಸುತ್ತ ಸಭೆ ಸೇರಿದ ಕಪ್ಪೆಗಳಿಗೆ, ತಿಪ್ಪೆಯ ಮೂಲೆಯಲ್ಲಿ ಕಲೆತು ನಮ್ಮಲ್ಲಿ ಯಾರು ಹೆಚ್ಚು ಪಾಪಿಗಳೆಂದು ಜಗಳವಾಡುವ ಹುಳುಗಳಿಗೆ ಹೋಲಿಸಿದನು.

ದೇವರು ಯೇಸುವಿನಲ್ಲಿ ಮನುಷ್ಯನಾದನೆಂಬ ಈ ನರಾವತಾರದ ಬೋಧೆಯನ್ನು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಹಾಗಿದ್ದರೂ ಸೆಲ್ಸಸನನ್ನು ಓದುವಾಗ ಗೌರವ ಮೂಡುತ್ತದೆ, ಏಕೆಂದರೆ ಈ ಬೋಧೆ ಎಲ್ಲಿ ಚುಚ್ಚುತ್ತದೆಯೆಂಬುದನ್ನು ಅವನು ಸರಿಯಾಗಿ ಗುರುತಿಸಿದ್ದನು. ತರ್ಕ, ಇತಿಹಾಸ, ಭಾಷೆ ಎಂದು ಮುಂದಿನ ಶತಮಾನಗಳ ವಿಮರ್ಶಕರು ಎತ್ತಿದ ಆಕ್ಷೇಪಗಳೆಲ್ಲ ಗಂಭೀರವಾದವೇ. ಅವುಗಳ ತಳದಲ್ಲಿ ಮಾತ್ರ ಬಹುತೇಕ ಸೆಲ್ಸಸನ ಪ್ರಶ್ನೆಯೇ ಇರುತ್ತದೆ: ಇದು ದೇವರಿಗೆ ತಕ್ಕ ಕೆಲಸವೇ? ನನ್ನ ವಾದವಿಷ್ಟು. ತರ್ಕದ ಮತ್ತು ಇತಿಹಾಸದ ಆಕ್ಷೇಪಗಳು ಹೆಚ್ಚಾಗಿ ಕ್ರೈಸ್ತ ಸಭೆಯು ಎಂದೂ ಹೇಳದ, ಅಥವಾ ತಾನೇ ತಳ್ಳಿಹಾಕಿದ ಮಾತುಗಳಿಗೆ ತಗಲುತ್ತವೆ. ತಕ್ಕದ್ದೇ ಎಂಬ ಪ್ರಶ್ನೆಯೊಂದೇ ನಿಜವಾದ ಬೋಧೆಗೆ ನೇರವಾಗಿ ತಗಲುತ್ತದೆ, ಮತ್ತು ಅದಕ್ಕೆ ಉತ್ತರವಿದೆ.

ಆದುದರಿಂದ ಬೋಧೆ ಏನನ್ನು ಹೇಳುತ್ತದೆ ಎಂಬುದು ಮೊದಲು ಸ್ಪಷ್ಟವಾಗಬೇಕು. 451ರಲ್ಲಿ ಖಾಲ್ಸೆದೋನ್ ಎಂಬ ಪಟ್ಟಣದಲ್ಲಿ ಸೇರಿದ ಸಭಾಧ್ಯಕ್ಷರ (ಬಿಷಪ್ಪರ) ಮಹಾಸಭೆಯು, ಯೇಸು ಕ್ರಿಸ್ತನು ಒಬ್ಬನೇ ವ್ಯಕ್ತಿ, ಸಂಪೂರ್ಣವಾಗಿ ದೇವರು, ಸಂಪೂರ್ಣವಾಗಿ ಮನುಷ್ಯನು ಎಂದು ಸಾರಿತು. ಆ ಎರಡು ಸ್ವಭಾವಗಳು ಆತನಲ್ಲಿ ಬೆರಕೆಯಾಗದೆ, ಮಾರ್ಪಾಡಾಗದೆ, ವಿಭಾಗವಾಗದೆ, ಅಗಲದೆ ಇವೆಯೆಂದು ನಾಲ್ಕು ನಿಷೇಧಗಳಲ್ಲಿ ಅದು ಹೇಳಿತು. ದೇವರು ತನ್ನ ದೈವತ್ವವನ್ನು ಕಳಚಿಟ್ಟು ಮನುಷ್ಯನಾಗಿ ಮಾರ್ಪಟ್ಟನೆಂದು ಇಲ್ಲಿ ಹೇಳಿಲ್ಲ. ಮನುಷ್ಯನೊಬ್ಬನು ಬೆಳೆದು ದೇವರಾದನೆಂದೂ ಹೇಳಿಲ್ಲ. ಅರ್ಧ ದೇವರು ಅರ್ಧ ಮನುಷ್ಯ ಎಂಬುದು ಗ್ರೀಕ್ ಪುರಾಣಗಳ ವೀರರಿಗೆ ಒಪ್ಪುವ ವರ್ಣನೆ. ಖಾಲ್ಸೆದೋನ್ ಅದನ್ನು ನೇರವಾಗಿ ನಿರಾಕರಿಸುತ್ತದೆ. ತಾನು ಆಗಿದ್ದುದನ್ನು ಬಿಡದೆ, ಆಗಿರದಿದ್ದುದನ್ನು ತನ್ನದಾಗಿ ಮಾಡಿಕೊಂಡನು ಎಂಬುದು ಪುರಾತನ ಸಭೆಯ ಸೂತ್ರ. ಪರಿಪೂರ್ಣನು ಬದಲಾದರೆ ಕೆಡಲೇಬೇಕೆಂಬ ಸೆಲ್ಸಸನ ತರ್ಕ, ದೇವರು ಬೇರೇನೋ ಆಗಿ ಮಾರ್ಪಟ್ಟನೆನ್ನುವವರ ವಿರುದ್ಧ ಗೆಲ್ಲುತ್ತದೆ. ಇಲ್ಲಿ ದೈವಸ್ವಭಾವ ಮಾರ್ಪಡಲಿಲ್ಲ. ಮೊದಲು ಇಲ್ಲದಿದ್ದ ಒಂದು ಮಾನವ ಜೀವನ ಹುಟ್ಟಿತು, ಮತ್ತು ಅದು ಮೊದಲ ಕ್ಷಣದಿಂದಲೇ ದೇವರ ಮಗನ ಸ್ವಂತ ಜೀವನವಾಗಿತ್ತು.

ಇತಿಹಾಸದ ಆಕ್ಷೇಪವನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ಯೇಸುವಿನ ದೈವತ್ವವನ್ನು 325ರಲ್ಲಿ ನೈಸಿಯಾದ ಮಹಾಸಭೆಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಒತ್ತಾಯದಿಂದ ಮತ ಹಾಕಿ ನಿರ್ಧರಿಸಲಾಯಿತೆಂಬ ಮಾತು, ಆ ಮಹಾಸಭೆಗೆ 1700 ವರ್ಷ ತುಂಬಿದ 2025ರಲ್ಲಿಯೂ ಅನೇಕರ ಬಾಯಲ್ಲಿ ಕೇಳಿಬಂತು. ಯೇಸು ಶಿಲುಬೆಗೇರಿದ ಸುಮಾರು ಮೂರು ದಶಕಗಳೊಳಗೇ ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ದೇವಸ್ವರೂಪನಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ಧರಿಸಿದ ವಿಷಯವಿದೆ. ಅದು ಪೌಲನಿಗಿಂತಲೂ ಮೊದಲೇ ಹಾಡುತ್ತಿದ್ದ ಸ್ತೋತ್ರವಿರಬಹುದೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ. 112ರ ಸುಮಾರಿಗೆ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ವರದಿಯಲ್ಲಿ, ಕ್ರೈಸ್ತರು ಬೆಳಗಾಗುವ ಮುಂಚೆ ಕೂಡಿಬಂದು ಕ್ರಿಸ್ತನನ್ನು ದೇವರೆಂದು ಸ್ತುತಿಸಿ ಹಾಡುತ್ತಾರೆಂದು ತಿಳಿಸಿದ್ದಾನೆ. ನೈಸಿಯಾದಲ್ಲಿ ಚರ್ಚೆಗೆ ಬಂದದ್ದು ಕ್ರಿಸ್ತನನ್ನು ಆರಾಧಿಸಬೇಕೇ ಎಂಬ ಪ್ರಶ್ನೆಯಲ್ಲ, ಏಕೆಂದರೆ ಕ್ರಿಸ್ತನು ಸೃಷ್ಟಿಸಲ್ಪಟ್ಟವನೆಂದು ಬೋಧಿಸಿದ ಏರಿಯಸನ ಪಕ್ಷದವರೂ ಆರಾಧಿಸುತ್ತಿದ್ದರು. ಆರಾಧಿಸಲ್ಪಡುವ ಈತನು ಸೃಷ್ಟಿಯಲ್ಲಿ ಮೊದಲನೆಯವನೋ, ಸೃಷ್ಟಿಗೆ ಸೇರದವನೋ ಎಂಬುದೇ ಅಲ್ಲಿನ ಪ್ರಶ್ನೆ. ಚಕ್ರವರ್ತಿಯ ಬಲದಿಂದ ಈ ಬೋಧೆ ನಿಂತಿತೆನ್ನುವವರು, ಅದನ್ನು ಕಾಪಾಡಿದ ಅಲೆಕ್ಸಾಂಡ್ರಿಯದ ಸಭಾಧ್ಯಕ್ಷ ಆಥನಾಸಿಯಸನನ್ನು ನಾಲ್ವರು ಚಕ್ರವರ್ತಿಗಳು ಒಟ್ಟು ಐದು ಸಲ ಗಡಿಪಾರು ಮಾಡಿದ್ದನ್ನೂ, ಅವರಲ್ಲಿ ಮೊದಲನೆಯವನು ಕಾನ್‌ಸ್ಟಂಟೈನನೇ ಎಂಬುದನ್ನೂ ವಿವರಿಸಬೇಕಾಗುತ್ತದೆ.

ತರ್ಕದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ನನ್ನ ಹಿರಿಯ ಸ್ನೇಹಿತರೊಬ್ಬರು, ಶ್ರದ್ಧಾವಂತ ಅದ್ವೈತಿಗಳು, ಈ ವಿಷಯ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: “ಒಂದೇ ಆಕೃತಿ ವೃತ್ತವೂ ಚೌಕವೂ ಆಗಲು ಸಾಧ್ಯವೇನು ಹೇಳಿ. ಅನಂತವಾದದ್ದು ಸಾಂತವೂ ಆಗಿರಬೇಕೆಂದರೆ ಆ ಮಾತಿಗೆ ಅರ್ಥವೇ ಇಲ್ಲ.” ಬ್ರಿಟಿಷ್ ದೇವತಾಶಾಸ್ತ್ರಜ್ಞ ಜಾನ್ ಹಿಕ್ 1977ರಲ್ಲಿ ತಾವು ಸಂಪಾದಿಸಿದ ಪ್ರಬಂಧ ಸಂಕಲನದಲ್ಲಿ ಇದೇ ವೃತ್ತ ಮತ್ತು ಚೌಕದ ಉದಾಹರಣೆಯನ್ನು ಮುಂದಿಟ್ಟಿದ್ದರು.

ವೃತ್ತವೂ ಚೌಕವೂ ಒಂದನ್ನೊಂದು ಹೊರಗಿಡುವುದೇಕೆ? ಅವೆರಡೂ ಆಕೃತಿ ಯಾವುದು ಎಂಬ ಒಂದೇ ಪ್ರಶ್ನೆಗೆ ಸಲ್ಲುವ ಎರಡು ಉತ್ತರಗಳು. ಒಂದು ಬಂದರೆ ಇನ್ನೊಂದಕ್ಕೆ ಜಾಗವಿಲ್ಲ. ದೇವರು ಮತ್ತು ಮನುಷ್ಯ ಹೀಗೆ ಒಂದೇ ಜಾತಿಯೊಳಗಿನ ಎರಡು ಪ್ರಭೇದಗಳೇ? ಆಗಿದ್ದರೆ ದೇವರು ಜಗತ್ತಿನ ವಸ್ತುಗಳ ಸಾಲಿನಲ್ಲಿ ಅತಿ ದೊಡ್ಡ ವಸ್ತುವಾಗುತ್ತಿದ್ದನು, ಮತ್ತು ಆತನು ಬಂದಲ್ಲಿ ಬೇರೊಂದು ವಸ್ತು ಪಕ್ಕಕ್ಕೆ ಸರಿಯಬೇಕಾಗುತ್ತಿತ್ತು. ಸೃಷ್ಟಿಕರ್ತನು ಆ ಸಾಲಿಗೇ ಸೇರಿದವನಲ್ಲವೆಂಬುದು ಯೆಹೂದ್ಯರ, ಕ್ರೈಸ್ತರ, ಮುಸಲ್ಮಾನರ ಸಮಾನ ನಂಬಿಕೆ. ದೇವರು ಸರ್ವವ್ಯಾಪಿಯೆಂದು ಒಪ್ಪುವ ಯಾರೂ, ಆತನಿರುವಲ್ಲಿ ಕಲ್ಲು ಕಲ್ಲಾಗಿ ಉಳಿಯದು, ಮರ ಮರವಾಗಿ ಉಳಿಯದು ಎನ್ನುವುದಿಲ್ಲ. ದೇವರ ಸಾನ್ನಿಧ್ಯ ಸೃಷ್ಟಿಯನ್ನು ಒತ್ತರಿಸುವುದಿಲ್ಲವೆಂದಾದ ಮೇಲೆ, ಅತ್ಯಂತ ಸಮೀಪದ ಸಾನ್ನಿಧ್ಯ, ಅಂದರೆ ಒಂದು ಮಾನವ ಜೀವನವನ್ನೇ ತನ್ನದಾಗಿ ಮಾಡಿಕೊಳ್ಳುವುದು, ಆ ಜೀವನದ ಮಾನವತ್ವವನ್ನು ಅಳಿಸಿಬಿಡಲೇಬೇಕೆಂದು ಸಾಧಿಸಿ ತೋರಿಸುವ ಹೊಣೆ ಆಕ್ಷೇಪಿಸುವವರ ಮೇಲೆ ಬೀಳುತ್ತದೆ. ಇದು ಸಾಧ್ಯವೆಂಬುದಕ್ಕೆ ಪುರಾವೆಯಾಗದೆಂದು ನನಗೆ ಗೊತ್ತು. ಅಸಾಧ್ಯವೆಂದು ಇನ್ನೂ ಯಾರೂ ತೋರಿಸಿಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ, ಮತ್ತು ತರ್ಕದ ಮಟ್ಟದಲ್ಲಿ ನಂಬಿಕೆಗೆ ಬೇಕಾದದ್ದು ಅಷ್ಟೇ.

ಅಮೆರಿಕದ ತತ್ತ್ವಶಾಸ್ತ್ರಜ್ಞ ಥಾಮಸ್ ಮಾರಿಸ್ 1986ರಲ್ಲಿ ಇದಕ್ಕೆ ಇನ್ನೊಂದು ಉಪಯುಕ್ತವಾದ ಭೇದವನ್ನು ಸೇರಿಸಿದರು. ಮನುಷ್ಯರೆಲ್ಲರಲ್ಲಿಯೂ ಕಾಣುವ ಗುಣ ಬೇರೆ, ಮನುಷ್ಯರಾಗಿರಲು ಇರಲೇಬೇಕಾದ ಗುಣ ಬೇರೆ. ನಾವು ಬಲ್ಲ ಮನುಷ್ಯರೆಲ್ಲರೂ ಮನುಷ್ಯರು ಮಾತ್ರವೇ ಆಗಿದ್ದಾರೆ. ಹಾಗೆಂದ ಮಾತ್ರಕ್ಕೆ “ಮಾತ್ರ” ಎಂಬುದು ಮಾನವತ್ವದ ಲಕ್ಷಣದೊಳಗೆ ಸೇರಿಬಿಡುವುದಿಲ್ಲ. ಬುದ್ಧಿ, ಮನಸ್ಸು, ಸಂಕಲ್ಪ, ತಾಯಿಯಿಂದ ಪಡೆದ ರಕ್ತಮಾಂಸ, ಇವೆಲ್ಲ ಯೇಸುವಿಗೆ ಕೊರತೆಯಿಲ್ಲದೆ ಇದ್ದವು. ಇದಕ್ಕಿಂತ ಹೆಚ್ಚಿನದೂ ಇತ್ತೆಂಬುದರಿಂದ ಇವುಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ.

ಇದನ್ನು ಕೇಳಿ ನನ್ನ ಸ್ನೇಹಿತರು ಸುಮ್ಮನಾಗುವುದಿಲ್ಲ, ಆಗಬೇಕೆಂದು ನಾನು ಬಯಸುವುದೂ ಇಲ್ಲ. ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯದ 32ನೆಯ ವಚನವನ್ನು ಅವರು ನನ್ನ ಮುಂದಿಟ್ಟರು: ಕೊನೆಯ ದಿನವು ತಂದೆಗೆ ಹೊರತು ಯಾರಿಗೂ, ಮಗನಿಗೂ ತಿಳಿಯದೆಂದು ಯೇಸುವೇ ಹೇಳುತ್ತಾನೆ. ನಮ್ಮ ಪ್ರಸಂಗಿಗಳಲ್ಲಿ ಹಲವರು ಈ ವಚನವನ್ನು ಹೇಗಾದರೂ ದಾಟಿ ಹೋಗಲು ಪ್ರಯತ್ನಿಸುವುದನ್ನು ಕೇಳಿದ್ದೇನೆ. ಗೊತ್ತಿತ್ತು, ಆದರೆ ಹೇಳಲಿಲ್ಲ ಎಂಬುದು ಅವರ ವಿವರಣೆ. ನನಗೆ ಅದು ಒಪ್ಪಿಗೆಯಿಲ್ಲ. ನಿಜವಾದ ಮಾನವ ಮನಸ್ಸು ಇದ್ದರೆ ಅದಕ್ಕೆ ಮಿತಿಯಿರಲೇಬೇಕು. ಲೂಕನು ಬಾಲಕ ಯೇಸು ಜ್ಞಾನದಲ್ಲಿ ಬೆಳೆದನೆಂದು ಬರೆಯುತ್ತಾನೆ. ಬೆಳೆಯುವವನಿಗೆ ನಿನ್ನೆ ತಿಳಿಯದಿದ್ದದ್ದು ಇಂದು ತಿಳಿಯುತ್ತದೆ.

ಹಾಗಾದರೆ ಒಬ್ಬನೇ ವ್ಯಕ್ತಿಗೆ ತಿಳಿದಿತ್ತೋ, ತಿಳಿದಿರಲಿಲ್ಲವೋ? ಸಭೆಯು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಲವೊದಿಕೀಯದ ಸಭಾಧ್ಯಕ್ಷ ಅಪೊಲ್ಲಿನಾರಿಸ್ ಸುಲಭವಾದ ದಾರಿಯೊಂದನ್ನು ಸೂಚಿಸಿದ್ದನು: ಕ್ರಿಸ್ತನಲ್ಲಿ ಮಾನವ ದೇಹವಿತ್ತು, ಬುದ್ಧಿಯ ಸ್ಥಾನದಲ್ಲಿ ಮಾತ್ರ ದೇವರ ವಾಕ್ಯವೇ (ದೇವರ ಮಗನಿಗಿರುವ ಇನ್ನೊಂದು ಹೆಸರು) ಇತ್ತು. ಇದರಿಂದ ತೊಡಕೆಲ್ಲ ಪರಿಹಾರವಾಗುತ್ತಿತ್ತು, ಆದರೆ ಯೇಸು ನಮ್ಮಂಥವನಾಗಿ ಉಳಿಯುತ್ತಿರಲಿಲ್ಲ. ಅದೇ ಕಾಲದ ದೇವತಾಶಾಸ್ತ್ರಜ್ಞ ನಾಜಿಯಾನ್ಜಸಿನ ಗ್ರೆಗರಿ ಅದಕ್ಕೆ ಕೊಟ್ಟ ಉತ್ತರವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ: ಆತನು ಯಾವುದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ. ಮನುಷ್ಯನಲ್ಲಿ ಮೊದಲು ಕೆಟ್ಟದ್ದು ಬುದ್ಧಿಯೇ ಆಗಿರುವಾಗ, ಬುದ್ಧಿಯನ್ನು ಹೊರಗಿಟ್ಟು ದೇಹವನ್ನಷ್ಟೇ ಧರಿಸಿದ ರಕ್ಷಕನಿಂದ ಏನು ಪ್ರಯೋಜನ? ಏಳನೆಯ ಶತಮಾನದಲ್ಲಿ ಇದೇ ಪ್ರಶ್ನೆ ಸಂಕಲ್ಪದ ವಿಷಯದಲ್ಲಿ ಎದ್ದಿತು. ಗೆತ್ಸೆಮನೆ ತೋಟದಲ್ಲಿ “ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ” ಎಂದು ತಂದೆಯನ್ನು ಬೇಡಿದ ಯೇಸುವಿಗೆ ಸ್ವಂತ ಮಾನವ ಸಂಕಲ್ಪವಿತ್ತೆಂದು ಪಟ್ಟುಹಿಡಿದ ಮಾಕ್ಸಿಮಸ್ ಎಂಬ ವೃದ್ಧ ಸನ್ಯಾಸಿಯ ನಾಲಿಗೆಯನ್ನೂ ಬಲಗೈಯನ್ನೂ 662ರಲ್ಲಿ ಕತ್ತರಿಸಿ ಗಡಿಪಾರು ಮಾಡಿದರು. ಅದೇ ವರ್ಷ ಅವನು ತೀರಿಕೊಂಡನು. 681ರ ಮಹಾಸಭೆ ಅವನ ಬೋಧೆಯನ್ನೇ ಎತ್ತಿಹಿಡಿಯಿತು. ಒಂದು ವ್ಯಕ್ತಿ, ಎರಡು ಸಂಕಲ್ಪ ಎಂದಾದರೆ ಜ್ಞಾನವೂ ಎರಡೇ. ಮಗನಿಗೆ ಆ ದಿನ ತಿಳಿದಿತ್ತೇ ಎಂದು ಕೇಳಿದರೆ, ದೈವಜ್ಞಾನದಿಂದ ತಿಳಿದಿತ್ತು, ಮಾನವ ಮನಸ್ಸಿನಲ್ಲಿ ತಿಳಿದಿರಲಿಲ್ಲ ಎಂಬುದೇ ಉತ್ತರ. ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಹೌದೆಂದೂ ಅಲ್ಲವೆಂದೂ ಹೇಳಿದಾಗ ಮಾತ್ರ ಸ್ವವಿರೋಧ, ಇಲ್ಲಿ ಹಾಗಾಗಿಲ್ಲ. ಅಂಥ ಜೀವನ ಒಳಗಿನಿಂದ ಹೇಗಿರುತ್ತದೆಂದು ನನಗೆ ಊಹಿಸಲಾಗದು. ಖಾಲ್ಸೆದೋನಿನ ಹಿರಿಯರು ನಿಷೇಧಗಳಲ್ಲಿಯೇ ಮಾತು ನಿಲ್ಲಿಸಿದ್ದು ಅದಕ್ಕಾಗಿಯೇ ಇರಬೇಕು.

ನಮ್ಮ ನಾಡಿನಲ್ಲಿ ಈ ಬೋಧೆಗೆ ಎದುರಾಗುವ ಮಾತು ಇನ್ನೊಂದು ಬಗೆಯದು: “ಅವತಾರ ನಮಗೇನು ಹೊಸದಲ್ಲವಲ್ಲ, ನಿಮ್ಮದೂ ಒಂದೆಂದು ಒಪ್ಪಿದರಾಯಿತು.” ಸ್ನೇಹದಿಂದ ಬರುವ ಈ ಮಾತನ್ನು ನಾನು ಸ್ನೇಹದಿಂದಲೇ ಸ್ವೀಕರಿಸುತ್ತೇನೆ, ಆದರೆ ಒಪ್ಪಿಕೊಂಡರೆ ಎರಡು ಪರಂಪರೆಗಳಿಗೂ ಅನ್ಯಾಯವಾಗುತ್ತದೆ. ಉಡುಪಿಯ ಮಧ್ವಾಚಾರ್ಯರ ಸಿದ್ಧಾಂತವನ್ನೇ ತೆಗೆದುಕೊಳ್ಳೋಣ. ಭಗವಂತನ ಅವತಾರದೇಹ ಪ್ರಕೃತಿಯಿಂದಾದದ್ದಲ್ಲ, ಜ್ಞಾನಾನಂದಮಯವಾದದ್ದು. ಮೂಲರೂಪಕ್ಕೂ ಅವತಾರರೂಪಕ್ಕೂ ಭೇದವಿಲ್ಲ. ಸೀತೆಗಾಗಿ ರಾಮನು ತೋರಿಸಿದ ದುಃಖ ಲೋಕವಿಡಂಬನೆಯೇ ಹೊರತು ನಿಜವಾದ ದುಃಖವಲ್ಲ. ನಿರ್ದೋಷನಾದ ಭಗವಂತನ ಪೂರ್ಣತೆಗೆ ಎಳ್ಳಷ್ಟೂ ಕುಂದು ಬರಬಾರದೆಂಬ ಗಾಢವಾದ ಭಕ್ತಿ ಇದರ ಹಿಂದಿದೆ, ಮತ್ತು ಸಿದ್ಧಾಂತವಾಗಿ ಇದು ಸುಸಂಬದ್ಧವಾದದ್ದು. ಆದರೆ ಕ್ರೈಸ್ತ ಬೋಧೆ ಹೇಳುವುದು ಇದಕ್ಕೆ ತದ್ವಿರುದ್ಧ. ಯೇಸುವಿನ ದೇಹ ಮರಿಯಳಿಂದ ಪಡೆದ, ನಮ್ಮ ದೇಹದಂಥದೇ ದೇಹ. ಆತನ ಹಸಿವು ಹಸಿವೇ, ಕಣ್ಣೀರು ಕಣ್ಣೀರೇ, ಸಾವು ಸಾವೇ.

ದೇವರ ಘನತೆಗಾಗಿ ಈ ನೋವನ್ನೆಲ್ಲ ತೋರಿಕೆಯೆಂದು ಬಿಡಬೇಕೆಂಬ ಒತ್ತಡ ಕ್ರೈಸ್ತರೊಳಗೇ ಮೊದಲ ಶತಮಾನಗಳಲ್ಲಿ ಬಲವಾಗಿತ್ತು. ಕ್ರಿಸ್ತನು ನೋವನ್ನು ಅನುಭವಿಸಿದಂತೆ ಕಂಡನಷ್ಟೇ ಎಂದವರಿಗೆ ಅಂತಿಯೋಕ್ಯದ ಸಭಾಧ್ಯಕ್ಷ ಇಗ್ನೇಷಿಯಸ್ ಉತ್ತರ ಬರೆದದ್ದು ಬೇಡಿಯಲ್ಲಿದ್ದಾಗ, ರೋಮಿನಲ್ಲಿ ಕಾಡುಮೃಗಗಳ ಬಾಯಿಗೆ ಬೀಳಲು ಒಯ್ಯಲ್ಪಡುತ್ತಿದ್ದಾಗ: ಆತನ ನೋವು ತೋರಿಕೆಯಾದರೆ ನಾನೇಕೆ ಬೇಡಿಯಲ್ಲಿದ್ದೇನೆ? ಈ ತೋರಿಕೆಯ ಕ್ರಿಸ್ತನು ನಮ್ಮ ಸಭೆಗಳಿಂದ ಇಂದಿಗೂ ಪೂರ್ತಿಯಾಗಿ ಹೋಗಿಲ್ಲವೆಂಬುದು ನನ್ನ ಅಭಿಪ್ರಾಯ. ಕ್ರಿಸ್ಮಸ್ ನಾಟಕಗಳಲ್ಲಿ ಎಂದೂ ಅಳದ ಶಿಶು, ಪ್ರಸಂಗಗಳಲ್ಲಿ ಎಂದೂ ಹೆದರದ ಯೇಸು, ಇವೆರಡೂ ಸುವಾರ್ತೆಗಳಲ್ಲಿ ಇಲ್ಲ.

ಇಸ್ಲಾಮಿನ ಆಕ್ಷೇಪವೂ ಇದೇ ಜಾಗವನ್ನು ಮುಟ್ಟುತ್ತದೆ. ಕುರ್‌ಆನಿನ 5ನೆಯ ಅಧ್ಯಾಯದ 75ನೆಯ ವಚನವು, ಮಸೀಹನೂ ಅವನ ತಾಯಿಯೂ ಆಹಾರ ಸೇವಿಸುತ್ತಿದ್ದರೆಂದು ನೆನಪಿಸುತ್ತದೆ: ಉಣ್ಣುವವರು ದೇವರಾಗುವುದು ಹೇಗೆ? ಆತನು ಉಂಡನೆಂಬುದರಲ್ಲಿ ನಮಗೆ ಸ್ವಲ್ಪವೂ ಭಿನ್ನಾಭಿಪ್ರಾಯವಿಲ್ಲ. ಪುನರುತ್ಥಾನವಾದ ಮೇಲೂ ಸುಟ್ಟ ಮೀನಿನ ತುಂಡನ್ನು ಶಿಷ್ಯರೆದುರಿಗೆ ತಿಂದನೆಂದು ಲೂಕನು ಬರೆದಿದ್ದಾನೆ. ಉಣ್ಣುವುದು ದೇವರಿಗೆ ತಕ್ಕದ್ದಲ್ಲವೆಂಬಲ್ಲಿ ಮಾತ್ರ ನಮ್ಮ ದಾರಿ ಬೇರೆಯಾಗುತ್ತದೆ, ಮತ್ತು ಅಲ್ಲಿಗೆ ನಾವು ಮತ್ತೆ ಸೆಲ್ಸಸನ ಪ್ರಶ್ನೆಯ ಎದುರಿಗೇ ನಿಲ್ಲುತ್ತೇವೆ.

ಆಥನಾಸಿಯಸನು ಯೌವನದಲ್ಲಿಯೇ ಬರೆದಿರಬಹುದಾದ ಸಣ್ಣ ಗ್ರಂಥವೊಂದರಲ್ಲಿ ಇದಕ್ಕೆ ಕೊಟ್ಟ ಉತ್ತರ, ನನ್ನ ಮಟ್ಟಿಗೆ, ಇಂದಿಗೂ ಅತ್ಯುತ್ತಮವಾದದ್ದು. ಅವನು ಗ್ರೀಕ್ ತತ್ತ್ವಜ್ಞಾನಿಗಳನ್ನು ಅವರ ನೆಲದಲ್ಲಿಯೇ ಎದುರಿಸಿದನು. ಜಗತ್ತೆಲ್ಲವೂ ಒಂದು ದೊಡ್ಡ ದೇಹ, ದೇವರ ವಾಕ್ಯವು ಅದನ್ನೆಲ್ಲ ವ್ಯಾಪಿಸಿ ನಡೆಸುತ್ತಿದೆ ಎಂದು ನೀವು ಒಪ್ಪುತ್ತೀರಿ. ಇಡೀ ಜಗತ್ತಿನಲ್ಲಿರುವುದು ಅವನಿಗೆ ಅಯೋಗ್ಯವಲ್ಲವಾದರೆ, ಜಗತ್ತಿನ ಒಂದು ಭಾಗವಾದ ಮನುಷ್ಯನಲ್ಲಿರುವುದು ಅಯೋಗ್ಯವಾಗುವುದು ಹೇಗೆ? ದೇಹದಲ್ಲಿದ್ದಾಗಲೂ ವಾಕ್ಯನು ದೇಹದೊಳಗೆ ಬಂದಿಯಾಗಿರಲಿಲ್ಲ, ಜಗತ್ತನ್ನು ನಡೆಸುವುದನ್ನು ಬಿಟ್ಟಿರಲಿಲ್ಲ. ಸೂರ್ಯನ ಕಿರಣ ಭೂಮಿಯ ಮೇಲಿನ ಕೊಳಕನ್ನು ಮುಟ್ಟಿದರೂ ಸೂರ್ಯನು ಮಲಿನನಾಗುವುದಿಲ್ಲ, ಮುಟ್ಟಿದ್ದಕ್ಕೇ ಬೆಳಕು ಬರುತ್ತದೆ ಎಂದು ಅವನು ಬರೆದನು.

ಸುವಾರ್ತೆಗಳಲ್ಲಿ ನಡೆಯುವುದು ಇದೇ. ಮಾರ್ಕನ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬನು ಬಂದು ಮೊಣಕಾಲೂರುತ್ತಾನೆ. ಯೇಸು ಒಂದು ಮಾತಿನಿಂದ ದೂರದಿಂದಲೇ ಗುಣಪಡಿಸಬಹುದಿತ್ತು. ಬೇರೆ ಸಂದರ್ಭಗಳಲ್ಲಿ ಹಾಗೆ ಮಾಡಿದ್ದುಂಟು. ಇಲ್ಲಿ ಕೈನೀಡಿ ಮುಟ್ಟುತ್ತಾನೆ. ಮುಟ್ಟಿದವರಿಗೇ ಅಶುದ್ಧಿ ಅಂಟುತ್ತದೆಂದು ನಂಬಿದ್ದ ಸಮಾಜದಲ್ಲಿ ಶುದ್ಧಿಯು ಮುಟ್ಟಿದವನಿಂದ ರೋಗಿಗೆ ಹರಿಯಿತು. ದೇಹ ಧರಿಸದೆ ತನ್ನ ಶಕ್ತಿಯಿಂದಲೇ ಲೋಕವನ್ನು ಸರಿಪಡಿಸಬಾರದಿತ್ತೇ ಎಂಬ ಸೆಲ್ಸಸನ ಪ್ರಶ್ನೆಗೆ ಉತ್ತರ ಇಲ್ಲಿದೆಯೆಂದು ನಾನು ತಿಳಿದಿದ್ದೇನೆ. ಆ ಮನುಷ್ಯನಿಗೆ ಆರೋಗ್ಯವೂ ಬೇಕಿತ್ತು, ವರ್ಷಗಟ್ಟಲೆ ಯಾರೂ ಮುಟ್ಟದ ದೇಹಕ್ಕೆ ಒಂದು ಕೈಯ ಸ್ಪರ್ಶವೂ ಬೇಕಿತ್ತು. ದೂರದಿಂದ ಕಳುಹಿಸಿದ ಶಕ್ತಿ ಮೊದಲನೆಯದನ್ನು ಕೊಟ್ಟೀತು, ಎರಡನೆಯದನ್ನು ಕೊಡಲಾರದು. ರಾಜಾರಾಮ ಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನಷ್ಟೇ ಆರಿಸಿ ಪ್ರಕಟಿಸಿ, ಇದೇ ಸಾಕು ಎಂದಾಗ ಶ್ರೀರಾಂಪುರದ ಮಿಷನರಿ ಮಾರ್ಷ್‌ಮನ್ ಅವರೊಡನೆ ದೀರ್ಘ ವಿವಾದ ನಡೆಯಿತು. ರಾಯರ ಪ್ರಾಮಾಣಿಕತೆ ದೊಡ್ಡದು, ಮಿಷನರಿಗಳ ಧಾಟಿ ಎಲ್ಲ ಕಡೆಯೂ ಸೌಜನ್ಯದ್ದಾಗಿರಲಿಲ್ಲ. ಆದರೂ ಬೋಧೆ ಮಾತ್ರ ಸಾಕೆನ್ನುವುದು ಆ ಕುಷ್ಠರೋಗಿಗೆ ಪುಸ್ತಕವೊಂದನ್ನು ಕೊಟ್ಟು ಕಳುಹಿಸಿದಂತಾಗುತ್ತದೆ.

ದೇವರ ಘನತೆ ದೂರ ಉಳಿಯುವುದರಲ್ಲಿದೆಯೆಂಬುದು ಸೆಲ್ಸಸನ ವಾದದ ಅಡಿಪಾಯ. ಅದನ್ನು ಅವನು ಎಲ್ಲಿಯೂ ಸಾಧಿಸಲಿಲ್ಲ. ಅವನ ಕಾಲದ ಎಲ್ಲ ಗೌರವಸ್ಥರಂತೆ ಸಹಜವೆಂದು ಹಿಡಿದನು. ರೋಮಿನ ಪಲಟೈನ್ ಗುಡ್ಡದಲ್ಲಿ 1857ರಲ್ಲಿ ಗೋಡೆಯ ಗಾರೆಯ ಮೇಲೆ ಗೀಚಿದ ಹಳೆಯ ಚಿತ್ರವೊಂದು ಸಿಕ್ಕಿತು. ಕತ್ತೆಯ ತಲೆಯುಳ್ಳ ಮನುಷ್ಯನೊಬ್ಬನನ್ನು ಶಿಲುಬೆಗೆ ಹಾಕಲಾಗಿದೆ, ಪಕ್ಕದಲ್ಲಿ ಒಬ್ಬನು ಕೈಯೆತ್ತಿ ನಿಂತಿದ್ದಾನೆ, ಕೆಳಗೆ ಗ್ರೀಕಿನಲ್ಲಿ ಅಲೆಕ್ಸಾಮೆನೋಸ್ ದೇವರನ್ನು ಆರಾಧಿಸುತ್ತಾನೆ ಎಂಬ ಬರಹವಿದೆ. ಶಿಲುಬೆಯ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದಾದ ಇದು ಅಪಹಾಸ್ಯಕ್ಕಾಗಿ ಬರೆದದ್ದು. ಸೆಲ್ಸಸನು ಪಾಂಡಿತ್ಯದಿಂದ ಹೇಳಿದ್ದನ್ನೇ ಈ ಅನಾಮಿಕನು ಮೊಳೆಯಿಂದಲೋ ಚೂರಿಯಿಂದಲೋ ಗೀಚಿ ಹೇಳಿದ್ದಾನೆ. ದೇವರಿಗೆ ತಕ್ಕದ್ದು ಯಾವುದೆಂದು ಮನುಷ್ಯರು ತಮ್ಮ ಅರಮನೆಗಳ ಪದ್ಧತಿ ನೋಡಿ ನಿರ್ಧರಿಸಿದರೆ ಅವರಿಬ್ಬರ ಮಾತೂ ಸರಿ. ದೇವರು ಪ್ರೀತಿಸ್ವರೂಪನಾಗಿದ್ದು, ತಾನು ಸೃಷ್ಟಿಸಿದವರ ಬಳಿಗೆ ಬರುವುದು ಆ ಪ್ರೀತಿಯ ಸ್ವಭಾವವೇ ಆಗಿದ್ದರೆ, ಇಳಿದು ಬರಲು ಒಲ್ಲದ ದೇವರಲ್ಲಿಯೇ ಕೊರತೆ ಕಾಣಬೇಕಾಗುತ್ತದೆ.

ಜಗತ್ತಿನ ಒಂದೇ ಮೂಲೆಗೆ, ಒಂದೇ ಕಾಲದಲ್ಲಿ ಬಂದನೇಕೆ ಎಂಬ ಆಕ್ಷೇಪವೂ ಸೆಲ್ಸಸನದೇ; ಗ್ರೀಕ್ ನಾಟಕದ ಸ್ಯೂಸ್ ದೇವನು ನಿದ್ದೆಯಿಂದೆದ್ದಂತೆ, ದೇವರು ಇಷ್ಟು ಕಾಲದ ಮೇಲೆ ತನ್ನ ಆತ್ಮವನ್ನು ಒಂದೇ ಮೂಲೆಗೆ ಕಳುಹಿಸಿದನೇ ಎಂದು ಅವನು ಕೇಳಿದನು. ಮನುಷ್ಯನಾಗುವುದೆಂದರೆ ಒಂದು ಊರಿನಲ್ಲಿ, ಒಬ್ಬ ತಾಯಿಗೆ, ಒಂದು ಭಾಷೆಯೊಳಗೆ ಹುಟ್ಟುವುದೇ ಆಗಿದೆ. ಎಲ್ಲ ಊರಿನವನೂ ಎಲ್ಲ ಕಾಲದವನೂ ಆದವನು ಮನುಷ್ಯನಾಗುವುದಿಲ್ಲ. ಆ ಮೂಲೆಯನ್ನು ಆಕ್ಷೇಪಿಸುವವರು ನರಾವತಾರವನ್ನು ಒಪ್ಪುವಂತೆ ಮಾತಾಡಿ ಅದರ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಕೊನೆಗೆ, ಆಕ್ಷೇಪಿಸುವವರೂ ನಂಬುವವರೂ ಒಟ್ಟಿಗೆ ಮರೆಯುವ ಒಂದು ಅಂಶವಿದೆ. ನರಾವತಾರವು ಸುಮಾರು 33 ವರ್ಷ ನಡೆದು ಮುಗಿದ ಪ್ರಸಂಗವೆಂದು ಬಹುಮಂದಿ ಭಾವಿಸುತ್ತಾರೆ. ಕಾರ್ಯ ಮುಗಿದ ಮೇಲೆ ಮಾನವತ್ವವನ್ನು ಕಳಚಿಟ್ಟು ಹಿಂತಿರುಗಿದನೆಂಬುದು ಅವರ ಮನಸ್ಸಿನ ಚಿತ್ರ. ನಾಲ್ಕನೆಯ ಶತಮಾನದಲ್ಲಿ ಅಂಕುರ ಎಂಬ ಪಟ್ಟಣದ ಸಭಾಧ್ಯಕ್ಷ ಮಾರ್ಸೆಲ್ಲಸ್ ಇದಕ್ಕೆ ಹತ್ತಿರವಾದ ಮಾತನ್ನು ಬೋಧಿಸಿದನೆಂಬ ಆರೋಪವಿತ್ತು. ಆ ಬೋಧೆಯನ್ನು ತಡೆಯಲೆಂದೇ 381ರ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತನ ರಾಜ್ಯಕ್ಕೆ ಅಂತ್ಯವಿಲ್ಲವೆಂಬ ಸಾಲು ಸೇರಿತು. ಪ್ರಭುಭೋಜನದ ಆರಾಧನೆಯಲ್ಲಿ ನಾವು ಎದ್ದು ನಿಂತು ಹೇಳುವ ಆ ಸಾಲಿನ ಅರ್ಥ, ಮರಿಯಳಿಂದ ಪಡೆದ ಮಾನವತ್ವವನ್ನು ದೇವರ ಮಗನು ಇಂದಿಗೂ ಬಿಟ್ಟಿಲ್ಲ, ಎಂದೆಂದಿಗೂ ಬಿಡುವುದಿಲ್ಲ ಎಂಬುದೇ ಆಗಿದೆ.